ಹತ್ತಿಯಲ್ಲಿ ಸುತ್ತಿದ ಗಡಿಯಾರದ ಸದ್ದು

ಎಡ್ಗರ್ ಅಲನ್ ಪೋ 1843ರಲ್ಲಿ ಪ್ರಕಟಿಸಿದ ‘ದ ಟೆಲ್-ಟೇಲ್ ಹಾರ್ಟ್’ ಕಥೆಯನ್ನು ನಾಲ್ಕು ನಿಮಿಷದ ಅನಿಮೇಷನ್ ಚಿತ್ರವಾಗಿಸಲು ಹೊರಟಾಗ ವಿಜಯಪುರದ ನಮ್ಮ ಮನೆಯ ಅಟ್ಟವೇ ನನ್ನ ಸ್ಟುಡಿಯೋ ಆಯಿತು. ಕಪ್ಪು ಕಾರ್ಡ್‌ಶೀಟಿನಲ್ಲಿ ಕತ್ತರಿಸಿ, ಕೀಲುಗಳಿಗೆ ದಾರ ಪೋಣಿಸಿದ ಗೊಂಬೆಗಳನ್ನು ಗಾಜಿನ ಮೇಲೆ ಮಲಗಿಸಿ, ಕೂದಲೆಳೆಯಷ್ಟು ಸರಿಸುತ್ತ, ಸೆಕೆಂಡಿಗೆ 12ರಂತೆ 2,880 ಫೋಟೊ ತೆಗೆಯಬೇಕಿತ್ತು. ಹಗಲಿನಲ್ಲಿ ತೆಗೆದ ಮೊದಲ 300 ಫೋಟೊಗಳನ್ನು ಓಡಿಸಿ ನೋಡಿದರೆ, ಮೋಡ ಸರಿದಂತೆಲ್ಲ ಬದಲಾಗಿದ್ದ ಕಿಟಕಿಯ ಬೆಳಕಿನಿಂದ ಚಿತ್ರವೆಲ್ಲ ಮಿನುಗುತ್ತಿತ್ತು. ಕಿಟಕಿಗೆ ಕಂಬಳಿ ಕಟ್ಟಿ, ಫೋನಿನ ಎಕ್ಸ್‌ಪೋಶರ್ ಲಾಕ್ ಮಾಡಿ ಮೊದಲಿನಿಂದ ಆರಂಭಿಸಿದೆ.

ತಾನು ಹುಚ್ಚನಲ್ಲ ಎನ್ನುತ್ತಲೇ ಒಬ್ಬ ಮುದುಕನನ್ನು ಅವನ ಕಣ್ಣಿಗಾಗಿ ಕೊಂದು, ಪೊಲೀಸರ ಎದುರು ಕುಳಿತಾಗ ಸತ್ತವನ ಎದೆಬಡಿತ ಕೇಳಿಸಿದಂತಾಗಿ ತಪ್ಪೊಪ್ಪಿಕೊಳ್ಳುವವನ ಕಥೆ ಅದು. ಆ ಮುದುಕನದು ರಣಹದ್ದಿನಂಥ ತಿಳಿನೀಲಿ ಕಣ್ಣು, ಅದರ ಮೇಲೊಂದು ಪೊರೆ. ನಾನು ನೀಲಿಯನ್ನು ಬಿಟ್ಟು ಪೊರೆಯನ್ನಷ್ಟೇ ಉಳಿಸಿಕೊಂಡೆ. ನಮ್ಮ ಓಣಿಯ ಕಟ್ಟೆಯ ಮೇಲೆ ದಿನವೂ ಕಾಣುವ ಅಂಥ ಬಡಪಾಯಿ ಕಣ್ಣಿಗಾಗಿ ಕೊಲೆಯಾಗುವುದೇ ಹೆಚ್ಚು ಭಯಾನಕವೆಂದು ನನಗೆ ತೋರಿತು. ಏಳು ರಾತ್ರಿ ಕಂದೀಲಿನ ಒಂದೆಳೆ ಬೆಳಕು ಮುಚ್ಚಿದ ರೆಪ್ಪೆಯ ಮೇಲೆ ಬೀಳುತ್ತದೆ, ಎಂಟನೆಯ ರಾತ್ರಿ ಕಣ್ಣು ತೆರೆದಿರುತ್ತದೆ. ಕೊಲೆಯನ್ನೂ ಚಿತ್ರಿಸಿದ್ದೆ, ಕಾಗದದ ಗೊಂಬೆಗಳ ಗುದ್ದಾಟ ಕಂಡು ಮನೆಯವರು ನಕ್ಕರು. ಇದೇ ಕಥೆಯ 1953ರ ಅಮೆರಿಕನ್ ಅನಿಮೇಷನ್ ಚಿತ್ರ, ಬ್ರಿಟನ್ನಿನಲ್ಲಿ ವಯಸ್ಕರಿಗೆ ಮಾತ್ರ ಎನ್ನುವ ‘ಎಕ್ಸ್’ ಪ್ರಮಾಣಪತ್ರ ಪಡೆದ ಮೊದಲ ಕಾರ್ಟೂನ್, ಬಹುಪಾಲನ್ನು ಕೊಲೆಗಾರನ ಕಣ್ಣಿನಿಂದಲೇ ತೋರಿಸುತ್ತದೆ. ಅದನ್ನು ಮತ್ತೊಮ್ಮೆ ನೋಡಿದ ಮೇಲೆ ಗುದ್ದಾಟವನ್ನು ಕಿತ್ತುಹಾಕಿ, ಬೆಳಕಿನ ಎಳೆ ಆರುವುದನ್ನಷ್ಟೇ ಇಟ್ಟೆ.

ಹೆಚ್ಚು ಕಾಡಿದ್ದು ಸದ್ದು. ಎದೆಬಡಿತವನ್ನು ಪೋ ಹತ್ತಿಯಲ್ಲಿ ಸುತ್ತಿದ ಗಡಿಯಾರದ ಸದ್ದಿಗೆ ಹೋಲಿಸುತ್ತಾನೆ. ಹತ್ತಿಗೇನು ನಮ್ಮಲ್ಲಿ ಬರವೇ? ಅಪ್ಪನ ಕೈಗಡಿಯಾರವನ್ನು ಸುತ್ತಿ ರೆಕಾರ್ಡ್ ಮಾಡಿದರೆ ಫ್ಯಾನಿನ ಗುಂಯ್‌ಗುಟ್ಟುವಿಕೆ ಮಾತ್ರ ಕೇಳಿಸಿತು. ಕೊನೆಗೆ ಜೋಳದ ಹಿಟ್ಟಿನ ಡಬ್ಬಿ ಕೈಹಿಡಿಯಿತು: ತುಂಬಿದ್ದರೆ ಮೂಕ, ಖಾಲಿಯಾದರೆ ತಮಟೆ, ಅರ್ಧವಿದ್ದಾಗ ಹೆಬ್ಬೆರಳಿನ ಬುಡದಿಂದ ತಟ್ಟಿದರೆ ಬೇಕಾದ ಮೊದ್ದು ಬಡಿತ.

ಸಣ್ಣಾಟದಲ್ಲಿ ಪಾತ್ರ ಮಾಡಿದ್ದ ಕಾಕಾನಿಗೆ ನಿರೂಪಣೆಯನ್ನು ಕರ್ಕಶವಾಗಿ ಓದಲು ಹೇಳಿದ್ದೆ. “ಹುಚ್ಚಲ್ಲ ಅಂತ ಹೇಳಾಂವ ಹಿಂಗ ಒದರ್ತಾನೇನೋ ತಮ್ಮಾ? ಲೆಕ್ಕಾ ಒಪ್ಪಿಸಿದಂಗ ಹೇಳಬೇಕು” ಎಂದು ಹಾಗೆಯೇ ಓದಿ ಮುಗಿಸಿದರು.

ಗೋಳಗುಮ್ಮಟದಲ್ಲಿ ಒಂದು ಚಪ್ಪಾಳೆ ಹಲವು ಸಲ ಮರಳುವುದನ್ನು ನೆನೆದು ಕೊನೆಯ ದೃಶ್ಯದ ಬಡಿತಕ್ಕೆ ಪ್ರತಿಧ್ವನಿ ಸೇರಿಸಿದ್ದೆ. ಆದರೆ ಅದು ಇಡೀ ಕೋಣೆಯ ಸದ್ದಾಯಿತೇ ಹೊರತು ಕೊಲೆಗಾರನೊಬ್ಬನ ಕಿವಿಯದಾಗಿ ಉಳಿಯಲಿಲ್ಲ. ಅದನ್ನು ತೆಗೆದು, ಬಡಿತದ ವೇಗವನ್ನು ಮಾತ್ರ ಏರಿಸುತ್ತ ಹೋದೆ, ಎದುರಿಗೆ ಕುಳಿತ ಪೊಲೀಸರ ಗೊಂಬೆಗಳು ಚಹಾದ ಬಸಿ ಎತ್ತುವ ವೇಗವನ್ನು ಒಂದು ಫ್ರೇಮಿನಷ್ಟೂ ಬದಲಿಸಲಿಲ್ಲ.