ಗೊಂಬೆ ಕೂರಿಸುವ ಮನೆಯಲ್ಲಿ ಮಗುವೂ ನಾಯಿಯೂ: ನವರಾತ್ರಿಯಿಂದ ಬಲಿಪಾಡ್ಯಮಿವರೆಗೆ

ನಮ್ಮ ಮನೆಯಲ್ಲಿ ಎರಡು ತುಂಬಲಿರುವ ಮಗಳಿದ್ದಾಳೆ, ಐದು ವರ್ಷದ ಗುಂಡ ಇದ್ದಾನೆ. ಗುಂಡ ಬೀದಿಯಿಂದ ಬಂದು ಸೇರಿಕೊಂಡ ಕಂದು ನಾಯಿ. ವರ್ಷದ ಹತ್ತು ತಿಂಗಳು ಇಬ್ಬರ ಸಂಸಾರ ಸುಸೂತ್ರ. ಪೇಚಾಟವೆಲ್ಲ ಆಶ್ವಯುಜ, ಕಾರ್ತಿಕಗಳಲ್ಲಿ.

ಕಳೆದ ವರ್ಷ ಮಹಾನವಮಿಯ ಸಂಜೆ ಮನೆಯಲ್ಲಿ ಹನ್ನೊಂದು ಜನ ದೊಡ್ಡವರಿದ್ದೆವು. ಅಂಬೆಗಾಲಿಡುತ್ತಿದ್ದ ಮಗಳು ಹಿತ್ತಲ ಬಾಗಿಲಿನವರೆಗೆ ಹೋಗಿ, ಉಣ್ಣುತ್ತಿದ್ದ ಗುಂಡನ ತಟ್ಟೆಗೆ ಕೈ ಹಾಕಿದಳು. ಅವನು ಬೊಗಳಲಿಲ್ಲ, ಗುರುಗುಟ್ಟಲಿಲ್ಲ. ಬಾಯಲ್ಲಿದ್ದ ತುತ್ತು ಬಾಯಲ್ಲೇ ಇತ್ತು, ಮೈ ಸೆಟೆದಿತ್ತು, ಕಣ್ಣಿನ ಬಿಳಿಭಾಗ ಓರೆಯಾಗಿ ಕಾಣುತ್ತಿತ್ತು. ನೀರು ಕುಡಿಯಲು ಒಳಗೆ ಬಂದ ಅತ್ತೆ ಮಗುವನ್ನು ಎತ್ತಿಕೊಳ್ಳದಿದ್ದರೆ ಮುಂದೇನಾಗುತ್ತಿತ್ತೋ. ಹನ್ನೊಂದು ಜನರಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರು ನೋಡಿಕೊಳ್ಳುತ್ತಿದ್ದಾರೆ ಎಂದುಕೊಂಡಿದ್ದೆವು. ಹಬ್ಬದ ಮನೆಯಲ್ಲಿ ಕಣ್ಣನ್ನು ನಂಬಬಾರದು, ಚಿಲಕವನ್ನು ನಂಬಬೇಕು ಎಂದು ಅಂದು ತೀರ್ಮಾನಿಸಿದೆವು. ಮುಂದಿನದೆಲ್ಲ ಆ ತೀರ್ಮಾನದ ವಿವರ.

ಪಿತೃಪಕ್ಷದಲ್ಲೇ ಪಶುವೈದ್ಯರ ಬಳಿ ಹೋಗಿ

ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಲೂಯಿ ಪಾಶ್ಚರ್ ತೀರಿಕೊಂಡದ್ದು 1895ರ ಅದೇ ದಿನ. ಹಬ್ಬದ ಸಾಲು ಶುರುವಾಗುವುದೂ ಹೆಚ್ಚುಕಡಿಮೆ ಆಗಲೇ ಆದ್ದರಿಂದ ನೆನಪಿಟ್ಟುಕೊಳ್ಳಲು ಸುಲಭ. ನಾಯಿಗೆ ವರ್ಷದ ರೇಬಿಸ್ ಲಸಿಕೆ ಆಗಿದೆಯೇ ನೋಡಿ. ಜಂತುಹುಳುವಿನ ಮಾತ್ರೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ. ನಾಯಿಯ ಮಲದಲ್ಲಿರುವ ದುಂಡುಹುಳುವಿನ ಮೊಟ್ಟೆ ಮಣ್ಣಿನಲ್ಲಿ ಎರಡು ಮೂರು ವಾರ ಕಳೆದ ಮೇಲೆ ಸೋಂಕು ತಗಲಿಸುವ ಹಂತಕ್ಕೆ ಬರುತ್ತದೆ. ಮಣ್ಣು ತಿನ್ನುವ ವಯಸ್ಸಿನ ಮಗು ಇರುವಾಗ ಹಿತ್ತಲನ್ನು ದಿನವೂ ಶುಚಿ ಮಾಡುವುದು ಇದೇ ಕಾರಣಕ್ಕೆ.

ಉಣ್ಣೆಯ ಕಾಟಕ್ಕೆ ಸ್ವಲ್ಪ ಹೆಚ್ಚು ಗಮನ ಬೇಕು. ಮಳೆ ಬಿಟ್ಟು ಬಿಸಿಲು ಬಿದ್ದ ಕೂಡಲೇ ಅವು ಕಾಣಿಸಿಕೊಳ್ಳುತ್ತವೆ. ಕಿವಿಯ ಮಡಿಕೆ, ಬೆರಳ ಸಂದು, ಕತ್ತಿನ ಪಟ್ಟಿಯ ಅಡಿ, ಬಾಲದ ಬುಡ: ಈ ನಾಲ್ಕು ಕಡೆ ದಿನಾ ಬೆರಳಾಡಿಸಿ. ಸಿಕ್ಕರೆ ಚಿಮುಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು ನೇರವಾಗಿ ಎಳೆಯಿರಿ. ಊದುಬತ್ತಿಯಿಂದ ಸುಡುವುದು, ಸೀಮೆಎಣ್ಣೆ ಬಿಡುವುದು ಬೇಡ. ನಾಯಿಯ ಮೈಯಿಂದ ಇಳಿದ ಹೆಣ್ಣು ಉಣ್ಣೆ ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಆದ್ದರಿಂದ ಹಬ್ಬಕ್ಕೆ ಸುಣ್ಣಬಣ್ಣ ಬಳಿಸುವವರು ಬಿರುಕುಗಳನ್ನೂ ಮುಚ್ಚಿಸಿಬಿಡಿ. ಔಷಧದ ವಿಷಯದಲ್ಲಿ ನನ್ನದೊಂದು ಹಟವಿದೆ: ಮಗು ನಾಯಿಯ ಕತ್ತಿಗೆ ಜೋತುಬೀಳುವ ಮನೆಯಲ್ಲಿ ಉಣ್ಣೆ ನಿವಾರಕ ಪಟ್ಟಿ ಬೇಡ, ಅದು ಮೊದಲು ಹೋಗುವುದು ಮಗುವಿನ ಬಾಯಿಗೆ. ನುಂಗಿಸುವ ಮಾತ್ರೆ ಕೊಡಬಹುದೇ ಎಂದು ವೈದ್ಯರನ್ನು ಕೇಳಿ.

ಅಡ್ಡಗೇಟು ಕೂರಿಸಿ

ಹಬ್ಬಕ್ಕೆ ಕನಿಷ್ಠ ಎರಡು ವಾರ ಮೊದಲೇ ಆಗಬೇಕಾದ ಕೆಲಸವಿದು. ನೆಂಟರು ಬಂದ ದಿನವೇ ನಾಯಿಯನ್ನು ಕೋಣೆಗೆ ತಳ್ಳಿದರೆ ಅದಕ್ಕೆ ಅದು ಸೆರೆವಾಸ. ನಾವು ಬಡಗಿಯನ್ನು ಕರೆಸಿ ಹಿಂದಿನ ಕೋಣೆಯ ಬಾಗಿಲಿಗೆ ಮೂರಡಿ ಎತ್ತರದ ಪ್ಲೈವುಡ್ ಗೇಟು ಮಾಡಿಸಿದೆವು. ಚಿಲಕ ಹೊರಗೆ, ಮಗಳ ಕೈಗೆ ಎಟುಕದ ಎತ್ತರದಲ್ಲಿ. ಒಳಗೆ ಗುಂಡನ ಗೋಣಿತಾಟು, ನೀರು, ಊಟದ ತಟ್ಟೆ. ದಿನದ ಎರಡೂ ಹೊತ್ತಿನ ಊಟ ಅಲ್ಲೇ. ಒಂದು ವಾರದಲ್ಲಿ ಅವನೇ ಹೋಗಿ ಗೇಟಿನ ಮುಂದೆ ನಿಲ್ಲಲು ಶುರು ಮಾಡಿದ. ಆ ಕೋಣೆಗೆ ಮಗುವಿಗೆ ಪ್ರವೇಶವಿಲ್ಲ, ಮಗುವನ್ನು ಎತ್ತಿಕೊಂಡ ಅಜ್ಜಿಗೂ ಇಲ್ಲ.

ಗೊಂಬೆಯ ಹಂತಗಳು

ಮೂರು, ಐದು, ಏಳು, ಒಂಬತ್ತು: ನಿಮ್ಮಲ್ಲಿ ಎಷ್ಟು ಹಂತದ ಪದ್ಧತಿಯೋ ಅಷ್ಟಿರಲಿ. ಕೆಳಗಿನ ಎರಡನ್ನು ಮಾತ್ರ ಈ ವರ್ಷ ಖಾಲಿ ಬಿಡಿ. ಮೇಲುಹಾಸನ್ನು ನೆಲದವರೆಗೆ ಇಳಿಬಿಡದೆ ಹಂತದ ಅಡಿಗೆ ಮಡಚಿ ಪಿನ್ನು ಹಾಕಿ. ಒಂದೇ ಎಳೆತಕ್ಕೆ ಪಟ್ಟದ ಗೊಂಬೆಯಿಂದ ಹಿಡಿದು ದಶಾವತಾರದವರೆಗೆ ಎಲ್ಲವೂ ಕೆಳಗೆ ಬರುವುದನ್ನು ನಾನು ಕಂಡಿದ್ದೇನೆ. ಮಣ್ಣಿನ ಗೊಂಬೆಗಳು ಮೇಲಕ್ಕೆ. ಹಾಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಹಚ್ಚಿದ ಚನ್ನಪಟ್ಟಣದ ಆಟಿಕೆ ಒಂದೆರಡನ್ನು ಮಗುವಿನ ಕೈಗೇ ಕೊಟ್ಟುಬಿಡಿ, ಅವಳಿಗೂ ಗೊಂಬೆಹಬ್ಬವಾಗಲಿ. ನಾಯಿಯ ಹಲ್ಲಿಗೆ ಮಾತ್ರ ಅವು ಸಿಗಬಾರದು, ಸೀಳಿದ ಮರದ ಚೂರು ಇಬ್ಬರಿಗೂ ಅಪಾಯ.

ತಟ್ಟೆಯಲ್ಲಿ ಏನಿದೆ?

ಆರತಿಯ ನಂತರ ಹಂಚುವ ಕಡಲೆ ಉಸಲಿ, ಹುರಿದ ಕಡಲೆಬೀಜ ಪುಟ್ಟ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುವ ವಸ್ತುಗಳು. ಚೆನ್ನಾಗಿ ಬೆಂದ ಕಡಲೆಯನ್ನು ಹಿಚುಕಿ ಕೊಡಿ, ಇಡೀ ಕಡಲೆಬೀಜ ಬೇಡವೇ ಬೇಡ. ನಾಯಿಗೆ ವಿಷವಾಗುವುದು ನಾವು ಮುತುವರ್ಜಿಯಿಂದ ಉದುರಿಸುವ ಒಣದ್ರಾಕ್ಷಿ. ಅದು ಮೂತ್ರಪಿಂಡವನ್ನೇ ಕೆಡಿಸಬಲ್ಲದು. ಚಾಕೊಲೇಟ್, ಈರುಳ್ಳಿ ಕೂಡ ಬೇಡ. ಕೇಸರಿಬಾತು ಕೈಯಲ್ಲಿ ಹಿಡಿದ ಮಗು ಹಸಿದ ನಾಯಿಗೆ ದೇವರು ಕಳಿಸಿದ ದೂತನಂತೆ ಕಾಣುತ್ತದೆ. ಆದ್ದರಿಂದ ಮಗು ತಿನ್ನುವಾಗ ಗೇಟು ಮುಚ್ಚಿರಲಿ, ನೆಲ ಒರೆಸಿದ ಮೇಲೆ ತೆರೆಯಲಿ. ಆಯುಧಪೂಜೆಯ ಮರುದಿನ ನಾಯಿಯನ್ನು ಬೀದಿಗೆ ಕರೆದೊಯ್ಯುವಾಗ ಹಗ್ಗ ಗಿಡ್ಡವಾಗಿರಲಿ. ಒಡೆದ ಬೂದುಗುಂಬಳದ ಒಳಗೆ ಕುಂಕುಮದ ಜೊತೆ ಚಿಲ್ಲರೆ ಕಾಸೂ ಇರುತ್ತದೆ.

ಕೈಗೆ ಪಾಠ, ಕಿವಿಗಲ್ಲ

ಎರಡು ವರ್ಷದ ಮಗುವಿಗೆ ‘ನಾಯಿಯನ್ನು ಕಾಡಬೇಡ’ ಎಂದರೆ ಏನೂ ಅರ್ಥವಾಗುವುದಿಲ್ಲ. ಅವಳ ಅಂಗೈಯನ್ನು ನಿಮ್ಮ ಅಂಗೈಯಲ್ಲಿಟ್ಟು ನಾಯಿಯ ಎದೆಯ ಪಕ್ಕ ನೇವರಿಸಿ. ಒಂದು, ಎರಡು, ಮೂರು ಎಣಿಸಿ ಕೈ ತೆಗೆಯಿರಿ. ನಾಯಿ ಹತ್ತಿರ ಸರಿದು ಒರಗಿದರೆ ಇನ್ನೊಂದು ಸುತ್ತು. ಮುಖ ತಿರುಗಿಸಿದರೆ, ತುಟಿ ನೆಕ್ಕಿಕೊಂಡರೆ, ನಿದ್ದೆಯಿಲ್ಲದೆ ಆಕಳಿಸಿದರೆ ಅಲ್ಲಿಗೆ ಮುಗಿಯಿತು. ಗುರುಗುಟ್ಟಿದ ನಾಯಿಗೆ ಹೊಡೆಯಬೇಡಿ. ಅದು ಕೊಡುತ್ತಿರುವುದು ಮುನ್ಸೂಚನೆ. ಹೊಡೆದರೆ ಮುಂದಿನ ಸಲ ಸೂಚನೆಯೇ ಇಲ್ಲದೆ ಕಚ್ಚೀತು.

ಹಲ್ಲು ಅಥವಾ ಉಗುರು ತಾಗಿ ಚರ್ಮ ತರಚಿದರೂ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ, ಅರಿಸಿನ ಮೆತ್ತಬೇಡಿ, ಅಂದೇ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಿರಿ. ‘ನಮ್ಮನೆ ನಾಯಿಯೇ ತಾನೆ’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವ ಆಸೆ ಇಲ್ಲವೆಂದೇ ಹೇಳಬೇಕು.

ದೀಪಾವಳಿಯ ಮೂರು ರಾತ್ರಿ

ನೇಪಾಳದಲ್ಲಿ ನರಕ ಚತುರ್ದಶಿಯ ಹೊತ್ತಿಗೆ ನಾಯಿಗಳಿಗೆ ಹೂಮಾಲೆ ಹಾಕಿ, ಹಣೆಗೆ ತಿಲಕವಿಟ್ಟು ಪೂಜಿಸುತ್ತಾರೆ. ನಮ್ಮಲ್ಲಿ ಅದೇ ದಿನ ಅವು ಮಂಚದಡಿ ನಡುಗುತ್ತಿರುತ್ತವೆ. ನಮಗಿಂತ ಎರಡು ಪಟ್ಟು ಹೆಚ್ಚಿನ ಕಂಪನಾಂಕದ ಸದ್ದೂ ಅವಕ್ಕೆ ಕೇಳುತ್ತದೆ.

ಮೂರು ವಾರ ಮೊದಲೇ ಮೊಬೈಲ್‌ನಲ್ಲಿ ಪಟಾಕಿಯ ಸದ್ದನ್ನು ಪಿಸುಮಾತಿನಷ್ಟು ಸಣ್ಣಗೆ ಹಾಕಿ, ಜೊತೆಗೆ ಬೇಯಿಸಿದ ಕೋಳಿಯ ತುಣುಕನ್ನೋ ಪನೀರನ್ನೋ ಕೊಡಿ. ನಾಯಿ ತಿನ್ನುವುದನ್ನು ನಿಲ್ಲಿಸಿದರೆ ಸದ್ದು ಹೆಚ್ಚಾಯಿತೆಂದೇ ಅರ್ಥ. ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಬಹುದು, ಅವಳಿಗೂ ರೂಢಿಯಾಗುತ್ತದೆ. ಹಬ್ಬದ ದಿನ ಸೂರ್ಯ ಮುಳುಗುವ ಮೊದಲೇ ನಾಯಿಯನ್ನು ಸುತ್ತಾಡಿಸಿ ತನ್ನಿ. ಕತ್ತಿನ ಪಟ್ಟಿಯಲ್ಲಿ ನಿಮ್ಮ ಫೋನ್ ಸಂಖ್ಯೆ ಇರಲಿ. ಪಟಾಕಿಗೆ ರಾತ್ರಿ 8ರಿಂದ 10 ಎಂಬ ಮಿತಿಯನ್ನು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ನಮ್ಮ ಬೀದಿಯವರಿಗೆ ಆ ಸುದ್ದಿ ಇನ್ನೂ ತಲುಪಿದಂತಿಲ್ಲ. ಹಾಗಾಗಿ ಆರಕ್ಕೇ ಕಿಟಕಿ ಮುಚ್ಚಿ, ಫ್ಯಾನ್ ಜೋರು ಮಾಡಿ, ರೇಡಿಯೊ ಹಾಕಿ, ಒಬ್ಬರು ನಾಯಿಯ ಜೊತೆ ಕೂರಿ. ಸಂತೈಸಿದರೆ ಅಂಜುಬುರುಕುತನ ಹೆಚ್ಚುತ್ತದೆ ಎಂಬುದು ಸುಳ್ಳು. ಕಳೆದ ಬಾರಿ ತೀರಾ ಕಂಗೆಟ್ಟಿದ್ದ ನಾಯಿಯಾದರೆ ಮಾತ್ರೆಗಾಗಿ ಹಬ್ಬಕ್ಕೆ ಮೊದಲೇ ವೈದ್ಯರನ್ನು ಕಾಣಬೇಕು.

ಹಣತೆಗಳನ್ನು ಹೊಸ್ತಿಲಲ್ಲಿ ಇಡುವ ಆಸೆ ನನಗೂ ಇದೆ. ಆದರೆ ಹೊಸ್ತಿಲಿಗೆ ಮಗುವಿನ ಲಂಗದ ಅಂಚೂ ಎಟುಕುತ್ತದೆ, ನಾಯಿಯ ಬಾಲವೂ ಎಟುಕುತ್ತದೆ. ಸದ್ಯಕ್ಕೆ ಕಾಂಪೌಂಡ್ ಗೋಡೆಯ ಮೇಲೆ.

ಬೆಳಿಗ್ಗೆ ಎದ್ದೊಡನೆ ಇಬ್ಬರಿಗೂ ಹೊರಗೆ ಹೋಗುವ ಆತುರ. ಬಿಡಬೇಡಿ. ಸುರುಸುರುಬತ್ತಿಯ ತಂತಿ, ಸಿಡಿಯದೆ ಉಳಿದ ಪಟಾಕಿ, ಮದ್ದು ಮೆತ್ತಿದ ಕಾಗದ ಅಂಗಳದ ತುಂಬ ಬಿದ್ದಿರುತ್ತವೆ. ನಮ್ಮ ಮನೆಯಲ್ಲಿ ಅತ್ತೆ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಎಳೆದ ಮೇಲೆಯೇ ಗೇಟಿನ ಚಿಲಕ ತೆಗೆಯುವುದು. ರಂಗೋಲಿಯನ್ನು ಮೊದಲು ಅಳಿಸುವವರು ಮಗಳೋ ಗುಂಡನೋ ಎಂಬುದು ದಿನದಿನದ ಪಂದ್ಯ.