ಏಳು ಸೀಟಿನ ಕಾರಿಗೆ ಹೆಚ್ಚುವರಿ ವಾರಂಟಿ ಬೇಕೇ?

ಮೊದಲು ನಿಮ್ಮ ಓಡಾಟದ ಲೆಕ್ಕ ಹಾಕಿ. ಮಾರುತಿ ಸುಜುಕಿಯ ಏಳು ಸೀಟಿನ ಎರ್ಟಿಗಾಕ್ಕೆ 2024ರ ಜುಲೈಯಿಂದ ಕಂಪನಿಯ ವಾರಂಟಿಯೇ 3 ವರ್ಷ ಅಥವಾ 1 ಲಕ್ಷ ಕಿ.ಮೀ.; ಯಾವುದು ಮೊದಲು ಮುಗಿಯುತ್ತದೆಯೋ ಅಲ್ಲಿಗೆ ಕೊನೆ. ಮೂರು ವರ್ಷದೊಳಗೆ ಕಾರು ಮಾರುವ ಯೋಚನೆಯಿದ್ದರೆ ಹೆಚ್ಚುವರಿ ವಾರಂಟಿಗೆ ಕೊಡುವ ಹಣ ವ್ಯರ್ಥ. ಏಳೆಂಟು ವರ್ಷ ಇಟ್ಟುಕೊಳ್ಳುವವರು, ಅದರಲ್ಲೂ ಆಟೋಮ್ಯಾಟಿಕ್ ಗೇರಿನ ಕಾರಿನವರು, ಖಂಡಿತ ತೆಗೆದುಕೊಳ್ಳಿ.

ನಮ್ಮ ಕಾರಿನ ಏಸಿ ಕಂಪ್ರೆಸರ್ ಕೆಟ್ಟಿದ್ದು ವಾರಂಟಿ ಮುಗಿದ ಎರಡೇ ತಿಂಗಳಿಗೆ, ಶಿರಾಡಿ ಘಾಟಿ ಇಳಿಯುವಾಗ. ಹಿಂದಿನ ಸಾಲಿನಲ್ಲಿದ್ದ ಅಮ್ಮ ಮಂಗಳೂರು ಮುಟ್ಟುವವರೆಗೂ ಸೆರಗಿನಿಂದಲೇ ಗಾಳಿ ಬೀಸಿಕೊಂಡರು. ರಿಪೇರಿಯ ಬಿಲ್ಲು ನೋಡಿ ಕೈಕಾಲು ತಣ್ಣಗಾದವು.

ಸಹಿ ಹಾಕುವ ಮುನ್ನ, ವಾರಂಟಿಯಲ್ಲಿ ಏನೇನು ಸೇರಿಲ್ಲ ಎಂಬ ಪುಟವನ್ನು ಪೂರ್ತಿ ಓದಿ. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್, ಟೈರಿನಂಥ ಸವೆಯುವ ಭಾಗಗಳು ಸಾಮಾನ್ಯವಾಗಿ ಸೇರುವುದಿಲ್ಲ. ಹೊರಗಡೆ ಸಿಎನ್‌ಜಿ ಕಿಟ್ ಕೂರಿಸಿದರೆ, ಸಕಾಲದಲ್ಲಿ ಸರ್ವಿಸ್ ಮಾಡಿಸಿದ ದಾಖಲೆ ಇಲ್ಲದಿದ್ದರೆ ಕ್ಲೇಮ್ ತಿರಸ್ಕೃತವಾಗಬಹುದು. ಪ್ರತಿ ಬಿಲ್ಲನ್ನೂ ಜೋಪಾನವಾಗಿಡಿ.

ಷೋರೂಂನಲ್ಲಿ ಅವಸರಪಡಿಸಿದರೆ ಮಣಿಯಬೇಡಿ. ಮೂಲ ವಾರಂಟಿ ಮುಗಿಯುವುದರೊಳಗೆ ಕೊಳ್ಳಲು ಸಾಮಾನ್ಯವಾಗಿ ಅವಕಾಶವಿರುತ್ತದೆ, ಆದರೆ ತಡವಾದಂತೆ ದರ ಏರಬಹುದು. ಕೊನೆಯ ದಿನಾಂಕವನ್ನು ಬರವಣಿಗೆಯಲ್ಲೇ ಕೇಳಿ ಪಡೆಯಿರಿ.