ಬಿಸಿಲು ಬಾರದ ಮನೆಯ ತುಳಸಿಗೆ ಒಂದು ಟ್ಯೂಬ್‌ಲೈಟ್

ಫ್ಲ್ಯಾಟಿನೊಳಗಿನ ತುಳಸಿ, ದೊಡ್ಡಪತ್ರೆ ಸುಮ್ನೆ ಉದ್ದುದ್ದ ಬೆಳೆದು ಕಿಟಕಿ ಕಡೆ ವಾಲುತ್ತಿದ್ದರೆ, ಹೊಸ ಎಲೆ ಚಿಕ್ಕದಾಗಿ ಬಿಳಿಚಿಕೊಳ್ಳುತ್ತಿದ್ದರೆ, ತಕ್ಷಣ ಗೊಬ್ಬರ ಸುರಿಯಬೇಡಿ. ಹೆಚ್ಚಾಗಿ ಅದು ಬೆಳಕಿನ ಕೊರತೆ. ಮಳೆಗಾಲದಲ್ಲಂತೂ ಇನ್ನೂ ಜಾಸ್ತಿ.

ಅದಕ್ಕೆ ಗಿಡ ಬೆಳೆಸಲೆಂದೇ ಮಾರುವ, ನೇರಳೆ ಬಣ್ಣದ ದುಬಾರಿ ಗ್ರೋ ಲೈಟೇ ಬೇಕೆಂದಿಲ್ಲ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ 20 ವ್ಯಾಟಿನ ಬಿಳಿ ಎಲ್‌ಇಡಿ ಟ್ಯೂಬ್ ಸಾಕು. ಡಬ್ಬದ ಮೇಲೆ 6500ಕೆ (6500K, ಅಂದರೆ ಹಗಲಿನಂಥ ಬಿಳಿ ಬೆಳಕು) ಅಂತ ಇರುವುದನ್ನು ನೋಡಿ ತನ್ನಿ. ಗಿಡಕ್ಕೆ ಬೇಕಾದ ನೀಲಿ, ಕೆಂಪು ಎರಡೂ ಬಿಳಿ ಬೆಳಕಿನಲ್ಲೇ ಇರುತ್ತವೆ.

ಎಲ್ಲಕ್ಕಿಂತ ಮುಖ್ಯ ದೂರ. ಸೀಲಿಂಗಿನ ಲೈಟು ನಮ್ಮ ಕಣ್ಣಿಗೆ ಧಾರಾಳ, ಆದರೆ ಗಿಡಕ್ಕೆ ಏನೇನೂ ಸಾಲದು. ದೂರ ಹೋದಂತೆ ಬೆಳಕು ಬೇಗ ಕುಗ್ಗುತ್ತದೆ. ಟ್ಯೂಬ್ ಗಿಡದ ತುದಿಯಿಂದ ಒಂದು ಗೇಣು ಮೇಲಿರಲಿ. ಶೆಲ್ಫಿನ ಅಡಿಗೆ ಟ್ಯೂಬ್ ಹಾಕಿಸಿದರೆ ಸುಲಭ. ಕುಂಡದ ಕೆಳಗೆ ಇಟ್ಟಿಗೆ ಇಟ್ಟುಕೊಂಡಿದ್ದರೆ, ಗಿಡ ಬೆಳೆದಂತೆ ಒಂದೊಂದಾಗಿ ತೆಗೆಯಬಹುದು. ಮೇಲಿನ ಎಲೆ ಸುಟ್ಟಂತಾದರೆ ಸ್ವಲ್ಪ ದೂರ ಮಾಡಿ.

ದಿನಕ್ಕೆ 12ರಿಂದ 14 ಗಂಟೆ ಉರಿಸಿ. ರಾತ್ರಿ ಆರಿಸಿ, ಗಿಡಕ್ಕೂ ಕತ್ತಲೆ ಬೇಕಲ್ವಾ? ಮರೆಯುವವರು ಪ್ಲಗ್ ಟೈಮರ್ ಹಾಕಿಕೊಳ್ಳಿ. ಕರೆಂಟು 12 ಗಂಟೆಗೆ ಕಾಲು ಯೂನಿಟ್ಟೂ ಆಗುವುದಿಲ್ಲ.

ಸೊರಗಿದ ಹಳೆ ಕಡ್ಡಿ ದಪ್ಪಗಾಗುತ್ತದೆ ಅಂತ ಕಾಯಬೇಡಿ. ತುದಿ ಚಿವುಟಿದರೆ ಪಕ್ಕದಲ್ಲಿ ಚಿಗುರುತ್ತದೆ. (ತುಳಸಿಯಾದರೆ ಭಾನುವಾರ ಬೇಡ, ಮನೆಯ ಹಿರಿಯರು ಬೈದಾರು!) ಬೆರಳು ಚುಚ್ಚಿ ನೋಡಿ, ಮಣ್ಣು ಒಣಗಿದ್ದರೆ ಮಾತ್ರ ನೀರು. ಪ್ಲಗ್ಗಿಗೆ ನೀರು ಸಿಡಿಯದಂತೆ ನೋಡಿಕೊಳ್ಳಿ.